ಬಳೆ ತೊಟ್ಟ ಚಕ್ರ

ಮುತ್ಯಾಲಪ್ಪ ಹೋದ ಸೋಮವಾರ ತೀರಿಕೊಂಡ. ಹಿಂದೂಪುರದಲ್ಲಿ ಮೂವತ್ತು ವರ್ಷ ಟೈರ್ ಅಂಗಡಿ ನಡೆಸಿದವನು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿದ, ಮತ್ತೆ ಏಳಲಿಲ್ಲ. ಅವನ ಬಗ್ಗೆ ಬರೆಯಲು ಕೂತರೆ ಅಳುವಿಗಿಂತ ಮುಂಚೆ ನಗು ಬರುತ್ತದೆ. ತಪ್ಪು ಅವನದು. ಇಲ್ಲ, ನಿಜ ಹೇಳಿಬಿಡುತ್ತೇನೆ, ತಪ್ಪು ನನ್ನದೇ!

ನಾನೊಂದು ಶಪಥ ಮಾಡಿದ್ದೆ. "ಇನ್ನು ಮೇಲೆ ಈ ಲಕ್ಷ್ಮೀಕಾಂತನ ರಥವನ್ನು ಭೂಲೋಕದ ಯಾವ ಮೊಳೆಯೂ ನಿಲ್ಲಿಸಲಾರದು!" ರಥವೆಂದರೆ ಸೈನ್ಯದವರು ಹರಾಜು ಹಾಕಿದ ಹಳೇ ಜೀಪು. ಶಪಥಕ್ಕೆ ಕಾರಣ ಕಲ್ಯಾಣದುರ್ಗದ ನನ್ನಕ್ಕ ರಂಗಲಕ್ಷ್ಮಮ್ಮ. ಅವಳ ದೊಡ್ಡ ಮಗಳ ನಿಶ್ಚಿತಾರ್ಥದ ದಿನ ನನ್ನ ಗಾಡಿ ಪಂಕ್ಚರ್ ಆಗಿ, ಸೋದರಮಾವನಾದ ನಾನು ತಲುಪುವ ಹೊತ್ತಿಗೆ ಊಟದ ಎಲೆ ಎತ್ತುತ್ತಿದ್ದರು. ಈಗ ಎರಡನೆಯವಳಾದ ಅನಿತಾಳ ಸರದಿ.

"ಹನ್ನೊಂದಕ್ಕೆ ಮುಹೂರ್ತ. ತಾಂಬೂಲದ ತಟ್ಟೆ ನೀನೇ ಎತ್ಕೊಡ್ಬೇಕು. ಈ ಸಲನೂ ಕೈಕೊಟ್ರೆ ನಂಗೆ ತಮ್ಮನೇ ಇಲ್ಲ ಅಂದ್ಕಂತೀನಿ ಕಣ್ಲಾ" ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು.

ನಾನು ಮೇಷ್ಟ್ರು. ಕಷ್ಟ ಬಂದರೆ ಪುಸ್ತಕ ತೆರೆಯುವವನು. ಸೈನ್ಯದ ಗಾಡಿಗಳಿಗೆ ಟೈರಿನೊಳಗೆ, ರಿಮ್ಮಿನ ಸುತ್ತ, ಗಟ್ಟಿ ರಬ್ಬರಿನ ಬಳೆಯೊಂದನ್ನು ತೊಡಿಸುತ್ತಾರೆಂದು ಓದಿದೆ. ಗುಂಡು ಬಿದ್ದು ಗಾಳಿಯೆಲ್ಲ ಹೋದರೂ ಗಾಡಿ ಆ ಬಳೆಯ ಮೇಲೆ ನಿಂತು ನಿಧಾನವಾಗಿ ಓಡುತ್ತದಂತೆ. ರನ್‌ಫ್ಲಾಟ್! ಆ ಕ್ಷಣವೇ ಮುತ್ಯಾಲಪ್ಪನ ಅಂಗಡಿಗೆ ನುಗ್ಗಿದೆ.

"ನಿಂಗೆ ಗುಂಡು ಹಾರ್ಸೋರು ಯಾರ್ಲಾ ಕಾಂತ? ರೊದ್ದಂ ರೋಡಲ್ಲಿ ಜಾಲಿಮುಳ್ಳು ಬಿಟ್ರೆ ಶತ್ರು ಯಾವನವ್ನೆ?"

"ಥಳಥಳ ಹೊಳೆಯೋ ಅಲಾಯ್ ಚಕ್ರಾನೂ ಹಾಕ್ಬಿಡು."

"ಅಲಾಯ್ ಹಳ್ಳಕ್ಕೆ ಬಿದ್ರೆ ಸೀಳ್ಕಂತದೆ. ಕಬ್ಬಿಣ ಬಗ್ತದೆ ಅಷ್ಟೆ, ನಾಕು ಸುತ್ತಿಗೆ ಏಟು ಬಿದ್ರೆ ದಾರಿಗೆ ಬತ್ತದೆ. ನಿನ್ನಂಗೇ! ಈಗಿರೋ ರಿಮ್ಮು ಎರಡು ಹೋಳು, ಬೋಲ್ಟ್ ಹಾಕಿ ಸೇರ್ಸಿರೋದು. ಬಳೆ ಕೂರ್ಸಕೆ ಅದೇ ಸರಿ."

ಬೆಂಗಳೂರಿನ ಗುಜರಿಯನ್ನೆಲ್ಲ ಜಾಲಾಡಿದರೂ ಸಿಕ್ಕಿದ್ದು ಒಂದೇ ಒಂದು ಬಳೆ. ಹೊರಡುವ ಹಿಂದಿನ ದಿನ ಮುತ್ಯಾಲಪ್ಪ ಜೀಪನ್ನು ನಮ್ಮ ಮನೆ ಮುಂದೆ ನಿಲ್ಲಿಸಿ ಫೋನ್ ಮಾಡಿದ. "ಕೂರ್ಸಿದೀನಿ. ಬಳಪ ಸಿಗ್ಲಿಲ್ಲ, ಬಳೆ ಇರೋ ಚಕ್ರಕ್ಕೆ ಕುಂಕುಮದ ಬೊಟ್ಟು ಇಟ್ಟಿದೀನಿ, ಗುರ್ತಿಗೆ. ಬಾಕಿ ಮೂರು ಮಾಮೂಲಿ. ಸ್ಟೆಪ್ನಿ ಮರೀಬ್ಯಾಡ."

ಸ್ಟೆಪ್ನಿ! ವೀರನಿಗೆ ಊರುಗೋಲೇ? ಒಂದು ಚಕ್ರದ ಧೈರ್ಯ ನೋಡಿ ಉಳಿದ ಮೂರೂ ಧೈರ್ಯವಾಗಿರುತ್ತವೆ ಎಂಬುದು ನನ್ನ ಸಿದ್ಧಾಂತ. ಸ್ಟೆಪ್ನಿಯನ್ನು ಕಳಚಿ ಮಂಚದ ಕೆಳಗೆ ತಳ್ಳಿದೆ. ಆ ಜಾಗಕ್ಕೆ ಹಣ್ಣಿನ ಬುಟ್ಟಿ ಕಟ್ಟಿದೆ.

ಬೆಳಿಗ್ಗೆ ನಾನು ರೇಷ್ಮೆ ಪಂಚೆ ಉಡುವಷ್ಟರಲ್ಲಿ ಹೆಂಡತಿ ಶ್ರೀಲತಾ ಗಾಡಿಗೆ ಪೂಜೆ ಮಾಡಿ ಮುಗಿಸಿದ್ದಳು. ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾದವು. ಮುತ್ಯಾಲಪ್ಪನೂ ಚೀಲ ತಗುಲಿಸಿಕೊಂಡು ಹತ್ತಿದ. ಮುಳ್ಳು, ಮೊಳೆ ಯಾವುದೂ ತಂಟೆಗೆ ಬರದೆ ಕಂಬದೂರು ತಲುಪಿ ಚಹಾಕ್ಕೆ ನಿಲ್ಲಿಸಿದೆವು. ಮುತ್ಯಾಲಪ್ಪ ಮುಖ ತೊಳೆಯಲು ಹಿಂದಕ್ಕೆ ಹೋದ. ಹೋಗಬಾರದಿತ್ತು.

ಚಹಾದಂಗಡಿಯ ಅಮರೇಶಪ್ಪ ಜೀಪನ್ನು ಒಂದು ಸುತ್ತು ಹಾಕಿ ಬಂದ. "ಏನ್ ಸಾರು, ಮಿಲ್ಟ್ರಿ ಗಾಡಿಗೆ ಸ್ಟೆಪ್ನಿನೇ ಇಲ್ವಲ್ಲ?"

"ಈ ಗಾಡಿಗೆ ಗಾಳಿಯೇ ಬೇಡ!"

"ಗಾಳಿ ಇಲ್ದೆ ಓಡಕೆ ಇದೇನು ಎತ್ತಿನ ಗಾಡಿನಾ? ನೋಡಿದ್ರೆ ನಂಬ್ತೀನಪ್ಪ."

ಬೆಂಚಿನ ಮೇಲಿದ್ದವರೆಲ್ಲ ಲೋಟ ಹಿಡಿದು ಎದ್ದು ಬಂದರು. ಮೇಷ್ಟ್ರಿಗೆ ಅಷ್ಟು ಮಂದಿ ವಿದ್ಯಾರ್ಥಿಗಳು ತಾವಾಗಿ ಸಿಗುವುದುಂಟೆ? ಮುಂದಿನ ಬಲ ಚಕ್ರದ ಮುಂದೆ ಕುಕ್ಕರಿಸಿದೆ. ಕುಂಕುಮ ಕಂಡಿತು. ಸಾಕು! ವಾಲ್ವ್ ಪಿನ್ನನ್ನು ತಿರುಗಿಸಿದೆ. ಅದು ಚಿಮ್ಮಿ ಜಾಲಿ ಪೊದೆಯೊಳಗೆ ಮಾಯವಾಯಿತು. ಗಾಳಿ ಬುಸುಗುಟ್ಟಿತು. ಜೀಪು ಗುರುಗಳಿಗೆ ನಮಸ್ಕರಿಸುವಂತೆ ಮುಂದಕ್ಕೆ ಮಂಡಿಯೂರಿತು!

"ಪೋಯಿಂದಿ ಸಾರು! ಮೊತ್ತಂ ಪೋಯಿಂದಿ!" ಎಂದ ಅಮರೇಶಪ್ಪ.

ಎಡ ಚಕ್ರ ನೋಡಿದೆ, ಕುಂಕುಮ. ಹಿಂದಿನದು ನೋಡಿದೆ, ಕುಂಕುಮ. ನಾಲ್ಕಕ್ಕೂ ಕುಂಕುಮ!

"ಶ್ರೀಲತಾ! ಈ ಬೊಟ್ಟೆಲ್ಲ ಯಾರೇ ಇಟ್ಟಿದ್ದು?"

"ನಾನೇ ಕಣ್ರೀ. ಯಾರೋ ಒಂದು ಚಕ್ರಕ್ಕಿಟ್ಟು ಮೂರನ್ನ ಬೋಳು ಬಿಟ್ಟಿದ್ರು. ಶುಭಕಾರ್ಯಕ್ಕೆ ಹೋಗೋ ಗಾಡಿ ಹಂಗೆ ಬಿಡಕಾಯ್ತದಾ?"

ಗಂಟೆ ಹತ್ತಕ್ಕೆ ಹತ್ತು ನಿಮಿಷವಿತ್ತು. ಅಕ್ಕನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಮುತ್ಯಾಲಪ್ಪ ಟವೆಲಿನಲ್ಲಿ ಮುಖ ಒರೆಸುತ್ತ ಬಂದ. ಜೀಪು ನೋಡಿದ, ನನ್ನನ್ನು ನೋಡಿದ, ಕುಂಕುಮ ನೋಡಿದ. ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕ.

ನಾಲ್ಕನ್ನೂ ಬಿಚ್ಚಿ ಕಟ್ಟಿದ್ದರಿಂದ ಬಳೆ ಯಾವುದಕ್ಕೆ ಹೋಯಿತೆಂದು ಅವನಿಗೂ ನೆನಪಿರಲಿಲ್ಲ. ಆಮೇಲೆ ಸ್ಪ್ಯಾನರ್ ಹಿಡಿದು ಒಂದೊಂದೇ ಟೈರನ್ನು ಕಲ್ಲಂಗಡಿ ತಟ್ಟಿ ನೋಡುವಂತೆ ತಟ್ಟಿದ. ಹಿಂದಿನ ಎಡ ಚಕ್ರ ಮೊದ್ದು ಸದ್ದು ಕೊಟ್ಟಿತು. "ಇಲ್ಲಿ ಕುಂತೈತೆ ನೋಡು ನಿನ್ ಬಳೆ." ಅದರ ಪಿನ್ನು ತೆಗೆದು, ನಾನು ಕೊಂದ ಚಕ್ರಕ್ಕೆ ಹಾಕಿದ. ಚೀಲದಿಂದ ಹಳೇ ಕೈಪಂಪು ಹೊರಬಂತು.

"ಪಂಪ್ ಯಾಕೋ ತಂದೆ?"

"ನೀನು ಬತ್ತಿದ್ದೀಯಲ್ಲ, ಅದಕ್ಕೆ. ಒತ್ತು ಸೋದರಮಾವ!"

ರೇಷ್ಮೆ ಪಂಚೆ ಎತ್ತಿ ಕಟ್ಟಿ ಒತ್ತಿದೆ. ಸೊಂಟ ಕಳಚಿಬೀಳುವ ಹೊತ್ತಿಗೆ ಜೀಪು ಮಂಡಿಯಿಂದ ಎದ್ದಿತು. ಹಿಂದಿನ ಚಕ್ರದಲ್ಲಿ ಒಂದು ಗುಟುಕು ಗಾಳಿಯಿಲ್ಲ. ಆದರೂ ಹೊರಟೆವು. ಶೇರ್ ಆಟೋಗಳೆಲ್ಲ ನಮ್ಮನ್ನು ದಾಟಿ ಹೋದವು, "ಅಣ್ಣಾ, ಗಾಲಿ ಲೇದು, ಗಾಳಿನೇ ಇಲ್ಲ!" ಎಂದು ಕೂಗುತ್ತ. ಇರಲಿ, ಓಡಿತು! ಪುಸ್ತಕದಲ್ಲಿ ಬರೆದಂತೆಯೇ, ರಬ್ಬರಿನ ಕಮಟು ಬೀರುತ್ತ, ಕಲ್ಯಾಣದುರ್ಗದವರೆಗೂ ಓಡಿತು!

ಹನ್ನೊಂದಕ್ಕೆ ಎರಡು ನಿಮಿಷ. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಮತ್ತೆ ಪಂಕ್ಚರ್ರಾ?"

"ಇಲ್ಲಕ್ಕ, ನಾನೇ ಗಾಳಿ ತೆಗೆದೆ."

ಅಕ್ಕ ಮುತ್ಯಾಲಪ್ಪನ ಕಡೆ ತಿರುಗಿದಳು. "ಇವ್ನನ್ನ ಸದ್ಯ ನೀನು ಕರ್ಕಂಬಂದ್ಯಲ್ಲಪ್ಪ."

ತಟ್ಟೆ ಎತ್ತಿಕೊಟ್ಟೆ. ಫೋಟೋದಲ್ಲಿ ವೀಳ್ಯದೆಲೆಯ ಮೇಲೆ ನನ್ನ ಹೆಬ್ಬೆರಳಿನ ಕರಿ ಗುರುತು ಸ್ಪಷ್ಟವಾಗಿದೆ.

ಅದಾಗಿ ಹನ್ನೆರಡನೇ ದಿನ, ಹೋದ ಸೋಮವಾರ ಬೆಳಿಗ್ಗೆ, ನಾನು ಶಾಲೆಯಲ್ಲಿದ್ದಾಗ ಮುತ್ಯಾಲಪ್ಪ ಮನೆಗೆ ಬಂದಿದ್ದನಂತೆ. ಮಂಚದ ಕೆಳಗಿನ ಸ್ಟೆಪ್ನಿಯನ್ನು ತಾನೇ ಎಳೆದು ಜೀಪಿನ ಹಿಂದೆ ಬಿಗಿದ. ಶ್ರೀಲತಾಳಿಂದ ಕುಂಕುಮ ಕೇಳಿ ತಗೊಂಡು ಅದಕ್ಕೊಂದು ಬೊಟ್ಟಿಟ್ಟ. "ಇದೊಂದಕ್ಕೇ ಕಣಮ್ಮ, ಬೇರೇದಕ್ಕೆ ಇಡಬ್ಯಾಡ. ನಿನ್ ಗಂಡ ಪುಸ್ತಕ ಓದ್ತಾನೆ, ನಾವು ಹುಷಾರಾಗಿರ್ಬೇಕು" ಎಂದ. ಆಮೇಲೆ ಚೀಲದಿಂದ ಆ ಹಳೇ ಪಂಪನ್ನು ತೆಗೆದು ನನ್ನ ಸೀಟಿನ ಕೆಳಗಿಟ್ಟು, ಊಟಕ್ಕೆ ಮನೆಗೆ ಹೋದ.