ನಕ್ಷೆ ಕೋಣೆಯಲ್ಲಿ ವಾಸ

ಆ ಬೆಳಿಗ್ಗೆ ಭೂಗೋಳದ ಮೇಷ್ಟ್ರು ಮರೆತದ್ದು ಒಂದೇ ಒಂದು ಬನಿಯನ್ನನ್ನು. ನಸುಕಿನಲ್ಲಿ ಕಾಲೇಜಿನ ನಲ್ಲಿಯಲ್ಲಿ ಅದನ್ನು ಒಗೆದು, ನಕ್ಷೆ ಕೋಣೆಯ ದೊಡ್ಡ ಗೋಳದ ಮೇಲೆ ಹರವಿ, ಹಾಸಿಗೆ ಸುತ್ತಿ ಬೀರುವಿನ ಹಿಂದೆ ತುರುಕಿ, ಹಿಂಬಾಗಿಲಿನಿಂದ ಹೊರಬಿದ್ದಿದ್ದರು. ಆಮೇಲೆ ಆಗತಾನೇ ಮನೆಯಿಂದ ಬಂದವರಂತೆ ಮುಂಬಾಗಿಲಿನಿಂದ ಒಳಗೆ ಬರಬೇಕಲ್ಲ. ಈ ನಾಟಕ ಮೂರು ವಾರದಿಂದ ನಡೆದಿತ್ತು.

ಅವರಿಗೆ ಸಂಬಳ ಪಾಠದ ಗಂಟೆಯ ಲೆಕ್ಕದಲ್ಲಿ. ಕಾಲೇಜಿಗೆ ರಜೆ ಬಂದರೆ ಸಂಬಳಕ್ಕೂ ರಜೆ. ಆ ನಗರದಲ್ಲಿ ರಜೆಯಿಲ್ಲದೆ ದುಡಿಯುತ್ತಿದ್ದದ್ದು ಮನೆ ಬಾಡಿಗೆಯೊಂದೇ. ಮಂಚ ಹಾಕಿದರೆ ಬಾಗಿಲು ತೆರೆಯದಂಥ ಕೋಣೆಗೆ ಮನೆಯೊಡತಿ ಮೂರನೇ ಸಲ ಬಾಡಿಗೆ ಏರಿಸಿದಾಗ, ಬಾಡಿಗೆ ಕೊಡುವುದೋ ಊಟ ಮಾಡುವುದೋ ಎಂಬ ಪ್ರಶ್ನೆ ಎದ್ದಿತು. ಮೇಷ್ಟ್ರು ಊಟವನ್ನು ಆರಿಸಿಕೊಂಡರು. ದೂರದ ಊರಿನಲ್ಲಿ ತನ್ನ ತಮ್ಮನ ಮನೆಯಲ್ಲಿದ್ದ ಹೆಂಡತಿಗೆ, "ಹೊಸ ಕೋಣೆ ಭಾರಿ ದೊಡ್ಡದು ಕಣೇ. ಮಲಗಿದಲ್ಲಿಂದಲೇ ಐದು ಸಾಗರ ಕಾಣುತ್ತೆ" ಎಂದು ಫೋನಿನಲ್ಲಿ ಹೇಳಿದ್ದರು. ಅವಳು ನಗಲಿಲ್ಲ. "ನಮ್ಮನ್ನ ಯಾವಾಗ ಕರ್ಕೊಳ್ತೀರಿ?" ಎಂದಷ್ಟೇ ಕೇಳಿದ್ದಳು.

ಒಂಬತ್ತಕ್ಕೆ ಕಸ ಗುಡಿಸುವ ಅಕ್ಕ ನಕ್ಷೆ ಕೋಣೆಯ ಬಾಗಿಲು ತೆಗೆದಳು. ಅವಳ ಕಿರುಚಾಟಕ್ಕೆ ಮೂರು ತರಗತಿಗಳು ತಾವಾಗಿಯೇ ಬಿಟ್ಟವು.

"ಅಯ್ಯಯ್ಯೋ, ಯಾರೋ ಸೇರ್ಕೊಂಡಿದ್ದಾನೆ! ಬನಿಯನ್ ಇನ್ನೂ ಹಸಿ ಇದೆ!"

ಬನಿಯನ್ ಪೊರಕೆಯ ತುದಿಯಲ್ಲಿ ಸತ್ತ ಹಾವಿನಂತೆ ನೇತಾಡುತ್ತ ಪ್ರಿನ್ಸಿಪಾಲರ ಮೇಜಿಗೆ ಬಂತು. ರಸಾಯನಶಾಸ್ತ್ರದ ಮೇಡಂ ಮೂಗು ಮುಚ್ಚಿಕೊಂಡು ಪರೀಕ್ಷಿಸಿ, "ಕಂಕುಳಲ್ಲಿ ಎರಡು ತೂತು. ಇದು ಓದಿದವರ ಬನಿಯನ್ ಅಲ್ಲವೇ ಅಲ್ಲ" ಎಂದು ತೀರ್ಪು ಕೊಟ್ಟರು.

ಮೇಷ್ಟ್ರು ಎರಡೂ ಕೈಗಳನ್ನು ಮೈಗೆ ಒತ್ತಿಕೊಂಡರು. ಅಂಗಿಯ ಒಳಗಿದ್ದದ್ದರಲ್ಲಿ ತೂತು ಮೂರು.

"ನಿಮ್ಮ ವಿಭಾಗ ಕಣ್ರೀ. ನಿಮಗೇನೂ ಅನುಮಾನ ಬರ್ಲಿಲ್ವಾ?" ಪ್ರಿನ್ಸಿಪಾಲರು ಗದರಿಸಿದರು.

"ಯಾರೋ ಪಾಪದವನು ಇರ್ಬೇಕು ಸಾರ್. ಏನೂ ಕದ್ದಿಲ್ವಲ್ಲ."

"ಕದಿಯೋಕೆ ಅಲ್ಲೇನಿದೆ? ನೀವೇ ಅವನನ್ನ ಪತ್ತೆ ಮಾಡಿ, ಮಧ್ಯಾಹ್ನದೊಳಗೆ ವರದಿ ಕೊಡಿ."

ಹೀಗೆ ಮೇಷ್ಟ್ರು ತಮ್ಮನ್ನು ತಾವೇ ಹುಡುಕಲು ಹೊರಟರು. ಹುಡುಕಾಟದ ಗಂಟೆ ಪಾಠದ ಗಂಟೆಯಲ್ಲವಾದ್ದರಿಂದ ಅದಕ್ಕೆ ಸಂಬಳವಿರಲಿಲ್ಲ. ಬೀರುವಿನ ಹಿಂದೆ ಒಂದು ಬಿಟ್ಟು ಉಳಿದ ಕಡೆಯೆಲ್ಲ ಹುಡುಕಿದರು. ಆದರೆ ಕಸ ಗುಡಿಸುವ ಅಕ್ಕ ಬೀರುವನ್ನೇ ಎಳೆದುಬಿಟ್ಟಳು. ಹಾಸಿಗೆ ಉರುಳಿತು, ಅದರೊಳಗಿಂದ ಒಂದು ಸೋಪು, ಒಂದು ಹಲ್ಲುಜ್ಜುವ ಬ್ರಷ್ಷು, ಕೊನೆಗೆ ಒಂದು ಓದುವ ಕನ್ನಡಕ.

"ಇದು ನಮ್ಮ ಮೇಷ್ಟ್ರದಲ್ವಾ! ಹಾಳಾದ ಕಳ್ಳ, ಮೇಷ್ಟ್ರ ಕನ್ನಡಕಾನೂ ಬಿಟ್ಟಿಲ್ಲ!"

ಕಳವು ಎಂದಕೂಡಲೇ ವಿಷಯ ದೊಡ್ಡದಾಯಿತು. "ರಾತ್ರಿ ಕಾವಲುಗಾರ ಬೇಕೇ ಬೇಕು" ಎಂದು ರಸಾಯನಶಾಸ್ತ್ರದ ಮೇಡಂ ಪಟ್ಟು ಹಿಡಿದರು. ಪ್ರಿನ್ಸಿಪಾಲರು ಆಡಳಿತ ಮಂಡಳಿಗೆ ಫೋನು ಮಾಡಿದರು. ಆರು ವರ್ಷದಿಂದ ಕೇಳಿದರೂ ಒಂದು ಹೊಸ ನಕ್ಷೆ ಕೊಡಿಸದಿದ್ದ ಮಂಡಳಿ, ಒಂದೇ ಗಂಟೆಯಲ್ಲಿ ಕಾವಲುಗಾರನನ್ನು ಮಂಜೂರು ಮಾಡಿತು. ತಿಂಗಳ ಸಂಬಳ, ಅದೂ ಮೇಷ್ಟ್ರಿಗೆ ಬರುತ್ತಿದ್ದುದರ ಒಂದೂವರೆ ಪಟ್ಟು. ಮೇಲಾಗಿ ಇರಲು ನಕ್ಷೆ ಕೋಣೆ, ಪುಕ್ಕಟೆ.

ಮೇಷ್ಟ್ರು ಬಹಳ ಹೊತ್ತು ವರಾಂಡದಲ್ಲಿ ಓಡಾಡಿದರು. ಆಮೇಲೆ ಮಾನವನ್ನು ಹೊರಗಿನ ಬೆಂಚಿನ ಮೇಲೆ ಬಿಟ್ಟು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು.

"ಸಾರ್, ಆ ಕೆಲಸ ನನಗೇ ಕೊಡಿ. ಹಗಲು ಪಾಠಾನೂ ಮಾಡ್ತೀನಿ."

"ತಮಾಷೆ ಮಾಡ್ತೀರಾ? ಮೊದಲು ಆ ಕಳ್ಳ ಎಲ್ಲಿ?"

"ಆ ಬನಿಯನ್ ನಂದೇ ಸಾರ್. ಮೂರು ವಾರದಿಂದ ಅಲ್ಲೇ ಮಲಗ್ತಿದೀನಿ. ಬಾಡಿಗೆ ಕಟ್ಟೋಕೆ ಆಗ್ಲಿಲ್ಲ."

ಪ್ರಿನ್ಸಿಪಾಲರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೆಲಸ ಸಿಗುತ್ತೆ ಅಂತ ಕಳ್ಳ ಅಂತಾನೂ ಒಪ್ಕೊಳ್ತೀರಲ್ರೀ! ಹೋಗಿ, ಹೋಗಿ. ಈ ಜಾಗ ಚೆನ್ನಾಗಿ ಗೊತ್ತಿರೋ ಒಬ್ಬರನ್ನ ಆಗಲೇ ಗೊತ್ತು ಮಾಡಿದೀವಿ."

ಐದು ಗಂಟೆಗೆ ಕಾವಲುಗಾರ ಬಂದ. ಐವತ್ತು ದಾಟಿದವನು, ಖಾಕಿ ಅಂಗಿ ಭುಜದಲ್ಲಿ ಒಂದಳತೆ ದೊಡ್ಡದು. ಮೇಷ್ಟ್ರು ಹಾಸಿಗೆ ಕಟ್ಟುತ್ತಿದ್ದರೆ ಅವನು ಮೇಜಿನ ಮೇಲಿದ್ದ ನಕ್ಷೆಯೊಂದನ್ನು ಬಿಚ್ಚಿ, ಮತ್ತೆ ಹಗುರವಾಗಿ ಸುತ್ತಿದ.

"ಬಿಗಿಯಾಗಿ ಸುತ್ತಬಾರದು ಮೇಷ್ಟ್ರೇ, ಬೆನ್ನಿಗೆ ಅಂಟಿಸಿದ ಬಟ್ಟೆ ಬಿರಿಯುತ್ತೆ."

"ನಿಮಗೆ ಹೇಗೆ ಗೊತ್ತು?"

"ನಿಮಗಿಂತ ಮುಂಚೆ ಇಲ್ಲಿ ಭೂಗೋಳ ಹೇಳ್ತಿದ್ದವನು ನಾನೇ. ಒಂಬತ್ತು ವರ್ಷ." ಅವನು ಹಾಸಿಗೆಯತ್ತ ನೋಡಿದ. "ಬೀರು ಪಕ್ಕ ಮಲಗ್ತಿದ್ರಾ? ಅಲ್ಲಿ ಗಾಳಿ ಬರಲ್ಲ. ನಾನು ಕಿಟಕಿ ಕಡೆ ತಲೆ ಹಾಕ್ತಿದ್ದೆ."

ಮೇಷ್ಟ್ರಿಗೆ ಹೋದ ಜೀವ ಮರಳಿ ಬಂತು. ಅಣ್ಣನೇ ಸಿಕ್ಕಿದಂತಾಗಿ ಅವನ ಕೈ ಹಿಡಿದುಕೊಂಡರು. "ಹಾಗಾದ್ರೆ ನಿಮಗೆ ನನ್ನ ಕಷ್ಟ ಗೊತ್ತು. ಒಂದು ಮೂಲೇಲಿ ಬಿದ್ಕೊಂಡಿರ್ತೀನಿ."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಮುಖ ಮಾತ್ರ ತಿರುಗಿಸಿದ.

"ಇಲ್ಲ ಅನ್ನೋಕೆ ನಾಲಿಗೆ ಏಳ್ತಿಲ್ಲ. ಆದ್ರೆ ಏಳು ಗಂಟೆ ಬಸ್ಸಿಗೆ ಮನೆಯವಳು, ಮಗಳು ಬರ್ತಿದಾರೆ. ಒಂದೇ ಸೂರಿನಡಿ ಇದ್ದು ನಾಲ್ಕು ವರ್ಷ ಆಯ್ತು."

ಮೇಷ್ಟ್ರು ಹಿಡಿದ ಕೈ ಬಿಟ್ಟರು. ಬೀರು ಸರಿಸಲು ಅವನೊಂದಿಗೆ ಕೈಜೋಡಿಸಿದರು.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಾಗಿಲಲ್ಲಿ ತಲೆ ಹಾಕಿದರು. "ಈ ನಕ್ಷೆಗಳೆಲ್ಲ ಇನ್ನು ಇಲ್ಲಿ ಬೇಡ, ಸಂಸಾರ ಇರೋ ಜಾಗ. ನಿಮ್ಮ ಮನೇಲೇ ಇಟ್ಕೊಳ್ಳಿ ಮೇಷ್ಟ್ರೇ, ಪಾಠ ಇದ್ದ ದಿನ ತಂದ್ರಾಯ್ತು. ಒಂದು ಹರಿದ್ರೂ ಸಂಬಳದಲ್ಲಿ ಹಿಡೀತೀನಿ, ಹುಷಾರು!"

ಸಂಜೆಯ ಬಸ್ಸಿನಲ್ಲಿ ಮೇಷ್ಟ್ರು ಒಂದು ಕಂಕುಳಲ್ಲಿ ಹಾಸಿಗೆ, ಇನ್ನೊಂದರಲ್ಲಿ ಹನ್ನೊಂದು ನಕ್ಷೆಗಳ ಸುರುಳಿ ಹಿಡಿದು ನಿಂತಿದ್ದರು. ಕಂಡಕ್ಟರು ಸುರುಳಿಯನ್ನು ಬೆರಳಿನಿಂದ ತಟ್ಟಿದ.

"ಏನ್ರೀ ಇದು ಇಷ್ಟುದ್ದ?"

"ಪ್ರಪಂಚ."

"ಅದಕ್ಕೂ ಒಂದು ಟಿಕೆಟ್ ಆಗುತ್ತೆ. ಎಲ್ಲಿಗೆ?"

ಮೇಷ್ಟ್ರು ಯೋಚಿಸಿದರು. "ಈ ಬಸ್ಸು ಎಲ್ಲಿತನಕ ಹೋಗುತ್ತೋ ಅಲ್ಲಿಗೆ."

"ಇದು ಊರು ಸುತ್ತೋ ಬಸ್ಸು ಸಾರ್. ಸುತ್ತಿಕೊಂಡು ಮತ್ತೆ ನಿಮ್ಮ ಕಾಲೇಜ್ ಮುಂದೇನೇ ನಿಲ್ಲುತ್ತೆ."

ಮೇಷ್ಟ್ರು ಎರಡು ಟಿಕೆಟ್ಟು ತೆಗೆದುಕೊಂಡರು.