ಗುಮಾನಿ ಸಾಹೇಬರ ಪರ್ಮಿಷನ್

ನಮ್ಮ ಸಾಹೇಬರು ಸ್ವಂತ ನೆರಳನ್ನೂ ವಿಚಾರಣೆ ಮಾಡಿಯೇ ಹಿಂದೆ ಬರಲು ಬಿಡುತ್ತಾರೆ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಲೇಬೇಡಿ! ಅವರಿಗೂ ಅದೇ ಇಷ್ಟ.

ದೊಡ್ಡನೆಕ್ಕುಂದಿಯ ನಮ್ಮ ಪುಟ್ಟ ಕಂಪನಿ ಕಾರ್ಖಾನೆಯ ಯಂತ್ರಗಳಿಗೆ ಕೋಡ್ ಬರೆಯುತ್ತದೆ. ಎಲ್ಲರೂ ಬರೆದ ಕೋಡ್ ಬಂದು ಸೇರುವ ಜಾಗ ಒಂದೇ. ಅದನ್ನು ಯಾರು ಬೇಕಾದರೂ ಓದಬಹುದು. ತಿದ್ದಬೇಕಾದರೆ ಮಾತ್ರ ಸಾಹೇಬರ ಪರ್ಮಿಷನ್ ಬೇಕು. ಅದು ಸಿಗುವ ತನಕ ನನ್ನ ಕೆಲಸ ಖಾಯಂ ಆಗುವಂತಿರಲಿಲ್ಲ. “ಕೊಟ್ಬಿಡಿ, ಪಾಪ” ಎಂದು ಮಾಲೀಕರೇ ಶಿಫಾರಸು ಮಾಡಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

“ಸಾರ್, ಪರ್ಮಿಷನ್ ಬೇಕಿತ್ತು.”

“ಯಾಕೆ?”

“ಕೋಡ್ ತಿದ್ದೋಕೆ.”

“ಈಗಿರೋದ್ರಲ್ಲಿ ಏನ್ ತಪ್ಪಿದೆ?”

“ತಪ್ಪೇನಿಲ್ಲ ಸಾರ್...”

“ಮತ್ಯಾಕ್ರೀ ತಿದ್ತೀರಾ?”

ಮರುದಿನ ಜಾಣತನದಿಂದ “ಒಂದು ತಪ್ಪಿದೆ ಸಾರ್” ಎಂದೆ. “ಅಂದ್ರೆ ಇಷ್ಟು ದಿನ ಗೊತ್ತಿದ್ದೂ ಸುಮ್ನಿದ್ರಾ?” ಎಂದು ನನ್ನನ್ನೇ ಕಟಕಟೆಗೆ ಹತ್ತಿಸಿದರು!

ಹೀಗಾಗಿ ನಾನು ಬರೆದದ್ದೆಲ್ಲ ಮೊದಲು ಅವರ ಬಳಿ ಹೋಗುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಸಾಲುಸಾಲು ನೋಡುತ್ತಿದ್ದರು. ತಪ್ಪು ಸಿಕ್ಕರೆ ಮುಖ ಅರಳುತ್ತಿತ್ತು. ಸಿಗದಿದ್ದರೆ, “ಎಲ್ಲೋ ಬಚ್ಚಿಟ್ಟಿದೀರಾ” ಎಂಬ ಅಪವಾದ.

ಒಮ್ಮೆ ಮಗಳ ಮದುವೆಗೆಂದು ರಜೆ ಹಾಕಿದರು. ತಾವಿಲ್ಲದಾಗ ಯಾರಾದರೂ ನುಗ್ಗಿಬಿಟ್ಟರೆ? ಹೊರಡುವ ಮುಂಚೆ ಇದ್ದಬದ್ದವರ ಪರ್ಮಿಷನ್ನೆಲ್ಲ ಕಿತ್ತುಹಾಕಿದರು. ಆ ಭರದಲ್ಲಿ ತಮ್ಮದನ್ನೂ! ರಜೆ ಮುಗಿಸಿ ಬಂದವರಿಗೆ ತಮ್ಮದೇ ಕೋಟೆಯೊಳಗೆ ಪ್ರವೇಶವಿಲ್ಲ. ಫೋನ್ ಮಾಡಿದಾಗ ಮಾಲೀಕರು ನಗುತ್ತಲೇ ಪರ್ಮಿಷನ್ ಮರಳಿಸಿದರು. ಸಾಹೇಬರಿಗೆ ನಾಚಿಕೆಯಾಯಿತು ಅಂದುಕೊಂಡಿರಾ? “ಮಾತಾಡ್ತಿರೋದು ನಾನೇ ಅಂತ ಏನ್ ಗ್ಯಾರಂಟಿ? ಒಂದು ಪ್ರಶ್ನೇನೂ ಕೇಳ್ದೆ ಕೊಟ್ಬಿಟ್ರಲ್ರೀ!” ಎಂದು ಸಂಜೆಯವರೆಗೂ ಗೊಣಗಿದರು.

ಅವರ ಶ್ರೀಮತಿ ನನ್ನ ಬಳಿ ಹೇಳಿದ್ದುಂಟು: “ನಂಗೂ ಮನೆ ಬೀಗದಕೈ ಕೊಟ್ಟಿದಾರಮ್ಮ. ಹಿತ್ತಲ ಬಾಗಿಲಿಂದು.”

ಗುಮಾನಿ ಅಂಟುರೋಗ ನೋಡಿ, ನನಗೂ ತಗುಲಿತು. ಈ ಮನುಷ್ಯ ತನ್ನ ಕುರ್ಚಿಗೆ ಕುತ್ತು ಬಂದೀತೆಂದು ಹೆದರಿದ್ದಾರೆಯೇ? ಹೆಂಗಸರು ಬರೆದ ಕೋಡ್ ಎಂದರೆ ತಾತ್ಸಾರವೇ? ಅವರು ಕಾಫಿಗೆ ಕರೆದರೂ ಅದರಲ್ಲೇನೋ ಒಳಸಂಚಿದೆ ಎನಿಸತೊಡಗಿತು.

ಅಷ್ಟರಲ್ಲಿ ನನ್ನ ಪಾಲಿಗೆ ಪೀಣ್ಯದ ಕಾರ್ಖಾನೆಯೊಂದರ ಕೆಲಸ ಬಂತು. ಅಲ್ಲಿರುವುದು ತಗಡನ್ನು ಒತ್ತಿ ಮುಚ್ಚಳ ಮಾಡುವ ಪ್ರೆಸ್ ಯಂತ್ರ. ಕೆಲಸಗಾರರ ಕೈ ಒಳಗೆ ಬಂದ ಕ್ಷಣವೇ ಅದು ನಿಲ್ಲಬೇಕು. ಹಾಗೆ ನಿಲ್ಲಿಸುವ ಕೋಡನ್ನು ನಾನು ತಿದ್ದಿದ್ದೆ. ಸಾಹೇಬರು ಅದನ್ನು ವಾರವಿಡೀ ಓದಿದರು, ಕಲ್ಲು ಸಿಗಲಿಲ್ಲ. “ಪೀಣ್ಯಕ್ಕೆ ನಡೀರಿ” ಎಂದರು.

ಶೆಡ್ಡಿನಲ್ಲಿ ಯಂತ್ರದ ಮುಂದೆ ಒಬ್ಬ ಹೆಂಗಸು ಕೂತಿದ್ದರು. “ಬನ್ನಿ ಸಾರ್, ಈ ಸಲ ಇವ್ರನ್ನೂ ಜೊತೆಗೆ ಕರ್ಕೊಂಡ್ ಬಂದಿದೀರಾ?” ಎಂದು ನಕ್ಕು ಎದ್ದು ಜಾಗ ಬಿಟ್ಟರು. ಸಾಹೇಬರು ಹೊಸ ಕೋಡ್ ಹಾಕಿಸಿ, ಬ್ಯಾಗಿನಿಂದ ಮೂಲಂಗಿ ತೆಗೆದರು. ಹೌದು, ಮೂಲಂಗಿ! ಅದನ್ನು ಯಂತ್ರದೊಳಗೆ ಚಾಚಿದರು. ಇಳಿಯುತ್ತಿದ್ದ ಪ್ರೆಸ್ ಅರ್ಧದಲ್ಲೇ ನಿಂತಿತು. ಮತ್ತೆ ಚಾಚಿದರು, ಮತ್ತೆ ನಿಂತಿತು. ಮೂಲಂಗಿಯ ಮೇಲೂ ನಂಬಿಕೆಯಿಲ್ಲದೆ ಗೀರು ಬಿದ್ದಿದೆಯೇ ಎಂದು ತಿರುಗಿಸಿ ನೋಡಿದರು. ಆಮೇಲೆ ಗಡಿಯಾರ ಬಿಚ್ಚಿಟ್ಟು ಅಂಗಿಯ ತೋಳು ಮಡಚಿದರು.

“ಏನ್ ಸಾರ್ ಮಾಡ್ತಿದೀರಾ?”

“ನಾಳೆಯಿಂದ ತಗಡು ಇಡೋಕೆ ಈಯಮ್ಮ ಕೈ ಹಾಕ್ಬೇಕಲ್ವಾ? ಮೊದ್ಲು ನಂದು ಹಾಕ್ತೀನಿ. ಪ್ರತಿ ಸಲ ಹಂಗೇ ಮಾಡೋದು.”

ನಾನು ಗಬಕ್ಕನೆ ಅವರ ಮಣಿಕಟ್ಟು ಹಿಡಿದುಕೊಂಡೆ. “ಬೇಡ ಸಾರ್! ಇನ್ನೊಂದ್ಸಲ ಕೋಡ್ ನೋಡ್ಬಿಡ್ತೀನಿ!”

“ಮೂಲಂಗಿಗೆ ನಿಂತಿದೆಯಲ್ಲ, ಮತ್ತೆ ಯಾರ ಮೇಲಮ್ಮ ಗುಮಾನಿ?”

“ನನ್ನ ಮೇಲೇ ಸಾರ್.”

ಸಾಹೇಬರು ಬಿಡುವಾಗಿದ್ದ ಇನ್ನೊಂದು ಕೈಯಿಂದ ಮೊಬೈಲ್ ತೆಗೆದು ಏನೋ ಒತ್ತಿದರು. ನನ್ನ ಮೊಬೈಲಿಗೆ ಪರ್ಮಿಷನ್ ಬಂತು.

“ಇಷ್ಟೇ ಕಣಮ್ಮ ಬೇಕಿದ್ದಿದ್ದು” ಎಂದರು.

ಖುಷಿಯಾಗಬೇಕಿತ್ತು, ನನಗೆ ಅಳು ಬಂತು. ಅವರ ಕೈಯನ್ನು ಮಾತ್ರ ನಾನಿನ್ನೂ ಬಿಟ್ಟಿರಲಿಲ್ಲ.