ಸಣ್ಣಸ್ವಾಮಿಯ ಪಾರ್ಕಿಗೆ ಒಂದು ಗುಂಡು

ತಪಾಸಣೆಗೆ ಪಶು ಇಲಾಖೆಯ ಡಾಕ್ಟರಮ್ಮ ಬರುವ ಸುದ್ದಿಯನ್ನು ಪಕ್ಕದ ತೋಟದ ಕುಟ್ಟಪ್ಪನ ಮುಂದೆ ಬಾಯಿಬಿಟ್ಟದ್ದೇ ಸಣ್ಣಸ್ವಾಮಿ ಮಾಡಿದ ತಪ್ಪು.

ಸಣ್ಣಸ್ವಾಮಿ ಮಾತ್ರ ಅಪ್ಪಟ ಚಿನ್ನದಂಥ ಮನುಷ್ಯ. ಕುಶಾಲನಗರದ ಹತ್ತಿರ ಶುಂಠಿ ಬೆಳೆಯುತ್ತಿದ್ದ ಎರಡು ಎಕರೆಗೆ ಬೇಲಿ ಹಾಕಿ, ಪ್ರವಾಸಿಗರನ್ನು ಹೊತ್ತು ಹೊತ್ತು ಸವೆದ ಮುದಿ ಕುದುರೆ, ಕುರುಡು ಕತ್ತೆ, ಮೂರು ಕಾಲಿನ ಮೇಕೆ, ಹೀಗೆ ಯಾರಿಗೂ ಬೇಡವಾದವನ್ನೆಲ್ಲ ತಂದು ಸಾಕಿದ್ದ. ಅದನ್ನೇ ಒಂದು ಸಣ್ಣ ಪಾರ್ಕು ಮಾಡುವುದು ಅವನ ಆಸೆ. ಸವಾರಿ ಇಲ್ಲ, ಸೆಲ್ಫಿ ಇಲ್ಲ. ದಿನಕ್ಕೆ ಹತ್ತೇ ಜನ, ಅದೂ ದೂರದಿಂದ. "ಅವಕ್ಕೆ ಮುಖ ತೋರ್ಸೋ ಮನಸ್ಸಿಲ್ದಿದ್ರೆ ಬಂದೋರು ಮರ ನೋಡ್ಕೊಂಡು ಹೋಗ್ಲಿ" ಎನ್ನುತ್ತಿದ್ದ. ಈ ಕಾಲದಲ್ಲಿ ಹೀಗೆ ಹೇಳಲು ಎಂಟೆದೆ ಬೇಕು! ಇವತ್ತು ಡಾಕ್ಟರಮ್ಮ ಸಹಿ ಹಾಕಿದರೆ ಪಾರ್ಕು. ಇಲ್ಲವಾದರೆ ಪ್ರಾಣಿಗಳನ್ನೆಲ್ಲ ಲಾರಿ ಹತ್ತಿಸುವುದಾಗಿ ನೋಟೀಸು ಬಂದಿತ್ತು.

ಬೆಳಗ್ಗೆ ಎಂಟಕ್ಕೇ ಕುಟ್ಟಪ್ಪ ಚೆಂಡುಹೂವಿನ ಹಾರಗಳ ಸಮೇತ ಹಾಜರಾದ.

"ಎಂತ ಮಾರಾಯ, ಆಫೀಸರ್ ಬರುವಾಗ ಇವು ಹೀಗೆ ಬೋಳುಬೋಳಾಗಿ ನಿಲ್ಲೋದಾ?"

"ಬ್ಯಾಡ ಕುಟ್ಟಪ್ಪಣ್ಣ, ಹೆಂಗಿದಾವೋ ಹಂಗೇ ಇರ್ಲಿ."

ಕುಟ್ಟಪ್ಪ ಕೇಳುವ ಪೈಕಿಯೇ? ಹಾಕಿಯೇಬಿಟ್ಟ. ಕುದುರೆ ತನ್ನ ಹಾರ ತಿಂದು, ಕತ್ತೆಯದ್ದಕ್ಕೂ ಬಾಯಿ ಹಾಕಿತು. ಬಿಡಿಸಲು ಹೋದ ಸಣ್ಣಸ್ವಾಮಿಯ ಬಿಳಿ ಅಂಗಿ ತುಂಬ ಜೊಲ್ಲು.

"ಬೇಗ ಬಂದು ಅಂಗಿ ಬದ್ಲಾಯ್ಸ್ಕೊಳ್ರೀ!" ಎಂದು ಹೆಂಡತಿ ಸಿದ್ದಮ್ಮ ಒಳಗಿನಿಂದ ಕೂಗಿದಳು.

ಬದಲಾಯಿಸುತ್ತಿರುವಾಗಲೇ ಜೀಪಿನ ಸದ್ದು. ಗುಂಡಿ ಹಾಕುತ್ತ ಹೊರಗೋಡಿ ಬಂದರೆ, ಕುಟ್ಟಪ್ಪ ಗೇಟಿನ ಬಳಿ ಕೋವಿಯನ್ನು ಆಕಾಶಕ್ಕೆ ಹಿಡಿದು ನಿಂತಿದ್ದಾನೆ!

"ಬ್ಯಾಡಣ್ಣೋ! ದಮ್ಮಯ್ಯ ಅಂತೀನಿ!"

"ಸುಮ್ಮನಿರು. ಗಂಡುಮಗು ಹುಟ್ಟಿದ್ರೆ ನಮ್ಮಲ್ಲಿ ಒಂದು ಗುಂಡು ಹಾರಿಸೋದು ಪದ್ಧತಿ. ಇವತ್ತು ನಿನ್ನ ಪಾರ್ಕ್ ಹುಟ್ತಾ ಉಂಟು!"

ಢಮಾರ್!

ಹೊಗೆ ಕರಗಿದಾಗ ಅಂಗಳದಲ್ಲಿ ಒಂದು ನೊಣವೂ ಇರಲಿಲ್ಲ, ಕತ್ತೆ ಕುದುರೆಯಂತೂ ಇಲ್ಲವೇ ಇಲ್ಲ. ಜೀಪಿನಿಂದಿಳಿದ ಡಾಕ್ಟರ್ ಆಶಾರಾಣಿ ಮೊದಲು ಕುಟ್ಟಪ್ಪನಿಗೆ ಚೆನ್ನಾಗಿ ಬೈದು, ಆಮೇಲೆ ಕೇಳಿದರು.

"ಎಲ್ರೀ ನಿಮ್ಮ ಪ್ರಾಣಿಗಳು?"

ಉತ್ತರ ಮನೆಯೊಳಗಿನಿಂದ ಬಂತು. "ಅಯ್ಯಯ್ಯೋ! ಅಡಿಗೆಮನೇಲಿ ಕುದುರೆ! ಮಂಚದ ಮೇಲೆ ಮೇಕೆ!"

ಡಾಕ್ಟರಮ್ಮ ಒಳಗೆ ಹೋದರು. ಅರ್ಧ ಗಂಟೆ ಹೊರಬರಲಿಲ್ಲ. ಸಣ್ಣಸ್ವಾಮಿ ಜಗಲಿಯಲ್ಲಿ ಕೂತು, ಮುದಿ ಕುದುರೆ ಲಾರಿ ಹತ್ತುವುದನ್ನು ನೆನೆದು ಅತ್ತೇಬಿಟ್ಟ. ಹೊರಬಂದಾಗ ನೋಡಿದರೆ ಡಾಕ್ಟರಮ್ಮನ ಕಣ್ಣೂ ಒದ್ದೆ.

"ಇಪ್ಪತ್ತು ವರ್ಷದ ಸರ್ವೀಸಲ್ಲಿ ಇಂಥದ್ದು ನೋಡಿಲ್ಲ ಸ್ವಾಮಿಯವ್ರೇ. ಹೆದರಿದ ಪ್ರಾಣಿ ತಾನು ನಂಬಿದ ಜಾಗಕ್ಕೇ ಓಡೋದು. ನಿಮ್ಮವು ನಿಮ್ಮ ಮನೆಗೇ ಓಡಿವೆ!" ಎಂದು ಅಲ್ಲೇ ಎರಡು ಸಾಲು ಗೀಚಿ, ಸಹಿ ಹಾಕಿ ಕಾಗದ ಕೊಟ್ಟರು.

ಸಣ್ಣಸ್ವಾಮಿಗೆ ಆಕಾಶ ಮೂರೇ ಗೇಣು.

"ನೋಡಿದ್ಯಾ ನನ್ನ ಗುಂಡಿನ ಮಹಿಮೆ!" ಎಂದು ಕುಟ್ಟಪ್ಪ ಮೀಸೆ ತಿರುವಿದ.

ಕಾಗದವನ್ನು ಕೊನೆಯವರೆಗೂ ಓದಿದವಳು ಸಿದ್ದಮ್ಮ ಒಬ್ಬಳೇ. "ಷರತ್ತು: ಪ್ರಾಣಿಗಳು ತಾವಾಗಿಯೇ ಆರಿಸಿಕೊಂಡ ಸದರಿ ಕಟ್ಟಡವನ್ನು ಅವುಗಳಿಗೇ ಮೀಸಲಿಡತಕ್ಕದ್ದು. ಮನುಷ್ಯರ ವಾಸಕ್ಕೆ ಅವಕಾಶವಿಲ್ಲ."

"ಮೇಡಂ, ಹಂಗಾದ್ರೆ ನಾವೆಲ್ಲಿ ಮಲಗೋದು?"

"ಮನೆ ಹಿಂದೆ ಪ್ರಾಣಿಗಳಿಗೆ ಅಂತ ತಗಡಿನ ಶೆಡ್ ಕಟ್ಸಿದೀರಲ್ಲಮ್ಮ," ಎಂದರು ಡಾಕ್ಟರಮ್ಮ ಜೀಪು ಹತ್ತುತ್ತ. "ಅದು ಪ್ರಾಣಿಗಳು ಇರೋಕೆ ಲಾಯಕ್ಕಿಲ್ಲ. ಮನುಷ್ಯರು ಹೇಗೋ ಹೊಂದ್ಕೋತಾರೆ."